ಪಂಚಮಿಯ ದಿನದ ಬಿಸಿ ರೊಟ್ಟಿ

ಗುಳೇದಗುಡ್ಡ
೯ ಏಪ್ರಿಲ್ ೧೯೭೦

ತಮ್ಮಾ ನಿಂಗಣ್ಣಾ,

ಸಂಕ್ರಾಂತಿಯಿಂದ ನಿನ್ನ ಕಾಗದವಿಲ್ಲ. ನೀನು ಕೆಲಸ ಬಿಟ್ಟಿರಬೇಕು, ಇಲ್ಲವೇ ಕೆಲಸ ನಿನ್ನನ್ನು ಬಿಟ್ಟಿರಬೇಕು. ಬೈಯಲು ಬರೆಯುತ್ತಿಲ್ಲ. ನಿನ್ನಿಂದ ಒಂದು ಕೆಲಸ ಆಗಬೇಕು.

ಸಿನೆಮಾ ನಟಿ ಪದ್ಮರೇಖಾಳ ಹೆಸರು ಕೇಳಿದ್ದೀಯಲ್ಲ? ಅವ್ವನ ಕಾಲದವಳು. ಗೋಕಾಕದ ಕಡೆಯ ಹೆಣ್ಣುಮಗಳು, ಹುಟ್ಟುಹೆಸರು ಲಕ್ಷ್ಮವ್ವ, ಈಗಲೂ ಮುಂಬಯಿಯಲ್ಲೇ ಇದ್ದಾಳಂತೆ. ಅವಳ ಆತ್ಮಕಥೆ 'ಒರೆಸಿದ ಬಣ್ಣ' ವಾರಪತ್ರಿಕೆಯಲ್ಲಿ ಬರುತ್ತಿದೆ. ಗುರುವಾರ ಪತ್ರಿಕೆ ಬಂದ ಕೂಡಲೇ ಮಗ್ಗದ ಮನೆಯಲ್ಲಿ ನಾನು ಗಟ್ಟಿಯಾಗಿ ಓದುತ್ತೇನೆ, ನೂಲಿನ ಕಂಡಿಕೆ ಸುತ್ತುವ ಹೆಂಗಸರೆಲ್ಲ ಕೇಳುತ್ತಾರೆ. ಓದುವವಳ ಪಾಲಿನ ಕಂಡಿಕೆಯನ್ನು ಉಳಿದವರು ಸುತ್ತಿಕೊಡಬೇಕು, ಅದು ನಮ್ಮ ಕರಾರು. ಅತ್ತೆಗೆ ಇದು ಸೇರುವುದಿಲ್ಲ. ಆದರೂ ಬಾಗಿಲ ಹತ್ತಿರ ಕೂತು ಕೇಳುತ್ತಾರೆ.

ಕಳೆದ ವಾರದ ಅಧ್ಯಾಯದಲ್ಲಿ ಅವಳು ಹತ್ತೊಂಬತ್ತನೇ ವಯಸ್ಸಿನಲ್ಲಿ ಗಂಡನ ಮನೆ ಬಿಟ್ಟು ಬರುತ್ತಾಳೆ. ಯಾರೂ ಕರೆಯಲು ಬಂದಿಲ್ಲ, ಒಬ್ಬಳೇ ನಡೆದು ತವರಿಗೆ ಹೋಗುತ್ತಾಳೆ. ಬೆಳಗಿನ ಜಾವ. 'ನಾನು ಬಾಗಿಲು ಬಡಿಯುವ ಮೊದಲೇ ಅವ್ವ ಬಾಗಿಲು ತೆರೆದಳು. ಒಂದು ಮಾತೂ ಕೇಳಲಿಲ್ಲ. ಹಂಚಿನ ಮೇಲಿನ ಬಿಸಿ ರೊಟ್ಟಿ ತೆಗೆದು ನನ್ನ ಕೈಗೆ ಹಾಕಿದಳು.' ಹೀಗೆ ಬರೆದಿದ್ದಾಳೆ. ಓದುವಾಗ ಅರ್ಧ ಮಂದಿ ಕಣ್ಣು ಒರೆಸಿಕೊಂಡರು.

ಗೌರವ್ವ ಮಾತ್ರ ನಕ್ಕರು. ಅತ್ತೆಯ ತಮ್ಮನ ಹೆಂಡತಿ, ನೀನು ನೋಡಿದ್ದೀ, ಮೂಗುತಿ ದೊಡ್ಡದು, ಬಾಯಿಯೂ ದೊಡ್ಡದು. "ಅಣ್ಣತಮ್ಮ ಕರಿಯಾಕ ಬರಲಾರದ ಬಂದಾಕಿಗೆ ಯಾವ ತವರಮನ್ಯಾಗ ಬಾಗಲಾ ತಗೀತಾರವಾ? ಅದೆಲ್ಲಾ ಪುಸ್ತಕದಾಗ ನಡೀತೈತಿ" ಎಂದರು. ನಾನು ನಿಜವೆಂದೆ, ಅವರು ಸುಳ್ಳೆಂದರು, ಪಂದ್ಯ ಬಿತ್ತು. ಸೋತವರು ಒಂದು ವಾರ ಗೆದ್ದವರ ಕಂಡಿಕೆ ಸುತ್ತಬೇಕು.

ನೀನು ಮುಂಬಯಿಯಲ್ಲೇ ಇದ್ದೀ. ಆ ಬಾಗಿಲು ನಿಜವಾಗಿ ತೆರೆಯಿತೋ ಇಲ್ಲವೋ ವಿಚಾರಿಸಿ ಬರೆ. ನೀನು ಹೇಳಿದರೆ ಗೌರವ್ವನೂ ಒಪ್ಪುತ್ತಾರೆ. ನಿನ್ನ ನಾಲಿಗೆಯ ಮೇಲೆ ಊರಿಗೇ ನಂಬಿಕೆ, ಅದರಿಂದ ಊರಿಗೆ ಸಿಟ್ಟೂ ಇದೆ.

ಇಲ್ಲಿ ವಿಶೇಷವೇನಿಲ್ಲ. ಯುಗಾದಿಗೆ ಹಚ್ಚಿದ ಸುಣ್ಣ ಆರುವ ಮೊದಲೇ ಒಳಕೋಣೆಗೆ ಇನ್ನೊಮ್ಮೆ ಹಚ್ಚಿಸುತ್ತಿದ್ದಾರೆ.

ನಿನ್ನ ಅಕ್ಕ,
ಕಸ್ತೂರಿಬಾಯಿ

*

ಕುರ್ಲಾ
೧೯ ಏಪ್ರಿಲ್ ೧೯೭೦

ಅಕ್ಕಾ,

ಕೆಲಸ ಬಿಟ್ಟದ್ದು ನಿಜ. ಕಾಂದಿವಲಿಯ ಗುಂಡಿ ಕಾರ್ಖಾನೆಗೆ ಸರಕಾರದ ಇನ್ಸ್‌ಪೆಕ್ಟರ್ ಬಂದಿದ್ದ. ಕೈ ಸಿಕ್ಕಿಕೊಳ್ಳದಂತೆ ಮಷೀನಿಗೆ ಜಾಳಿಗೆ ದಿನಾ ಹಾಕಿರುತ್ತಾರಾ ಎಂದು ಕೇಳಿದ. ನೀವು ಬಂದ ದಿನ ಹಾಕುತ್ತಾರೆ ಎಂದೆ. ಅಷ್ಟೇ. ಚಾಳಿನಲ್ಲಿ ನನ್ನ ಕೋಣೆಯ ಯಜಮಾನ ಖಂಡಪ್ಪ "ನಿನ್ನ ನಾಲಿಗಿ ಕಿತ್ತು ಬಾಂದ್ರಾ ಖಾಡಿಯಾಗ ಒಗೀಬೇಕಲೇ" ಎಂದ. ಅವನ ಹೆಂಡತಿ ಸುಂದ್ರವ್ವ ಮಾತ್ರ ಊಟಕ್ಕೆ ಹಾಕಿದಳು.

ಕೆಲಸವಿಲ್ಲದ್ದರಿಂದ ನಿನ್ನ ಪಂದ್ಯದ ಹಿಂದೆ ಬಿದ್ದೆ. ಗ್ರಾಂಟ್ ರೋಡ್ ಸ್ಟೇಷನ್ನಿನ ಹೊರಗೆ ಫುಟ್‌ಪಾತಿನಲ್ಲಿ ಹಳೇ ಪುಸ್ತಕದವನೊಬ್ಬ ಕೂರುತ್ತಾನೆ. ದೊಡ್ಡವರು ತಮ್ಮ ಬಗ್ಗೆ ತಾವೇ ಬರೆದುಕೊಂಡ ಪುಸ್ತಕ ಯಾವುದಿದೆ ಎಂದು ಕೇಳಿದರೆ ಒಂದು ಗುಡ್ಡೆಯನ್ನೇ ತೋರಿಸಿದ. ಪೈಲ್ವಾನ, ಕ್ರಿಕೆಟ್ಟಿನವನು, ಮಂತ್ರಿ, ಹಾಡುಗಾರ. ಮರಾಠಿ, ಹಿಂದಿ ನಿಧಾನಕ್ಕೆ ಓದುತ್ತೇನಲ್ಲ, ನಿಂತೇ ಓದಿದೆ. "ಖರೀದೇಗಾ ಕ್ಯಾ, ಯಾ ಇಧರ್‌ಇಚ್ ರಹೇಗಾ?" ಕೊಳ್ಳುತ್ತೀಯೋ ಇಲ್ಲೇ ಇರುತ್ತೀಯೋ ಎಂದು ಅವನು ರೇಗುವವರೆಗೂ ಓದಿದೆ.

ಒಂದು ಮಜಾ ಗೊತ್ತಾ? ಮೊದಲ ಪುಟದಲ್ಲಿ ಎಲ್ಲರೂ ಬಡವರು. ಎಲ್ಲರೂ 'ನಾನು ಏನನ್ನೂ ಮುಚ್ಚಿಡುವುದಿಲ್ಲ' ಎನ್ನುತ್ತಾರೆ. ಮಾಡಿದ ತಪ್ಪು ಎಂದು ಹೇಳಿಕೊಳ್ಳುವುದೂ ಕೇಳಲು ಚೆಂದ ಇರುವಂಥ ತಪ್ಪೇ: ಹೆಚ್ಚು ನಂಬಿದೆ, ಹೆಚ್ಚು ಪ್ರೀತಿಸಿದೆ. ಗೆಳೆಯನ ಕೊಡೆ ಕದ್ದೆ ಎಂದು ಒಬ್ಬನೂ ಬರೆದಿಲ್ಲ. ಆದರೂ ಪುಸ್ತಕ ಕೆಳಗಿಡಲು ಮನಸ್ಸಾಗಲಿಲ್ಲ. ಪೈಲ್ವಾನ ಸೋಲುತ್ತಾನಾ ಇಲ್ಲವಾ ನೋಡಬೇಕೆಂದು ಮನೆಗೆ ಹೋಗುವ ಲೋಕಲ್ ರೈಲನ್ನೂ ಬಿಟ್ಟೆ. ಸುಳ್ಳಿರಬಹುದು ಎಂದು ಅನಿಸುತ್ತಿದ್ದರೂ ಹೀಗೆ ಯಾಕೆ ಆಗುತ್ತದೆ? ನನ್ನನ್ನು ಶಾಲೆ ಬಿಡಿಸಿದ್ದೇ ಇಂಥ ಪ್ರಶ್ನೆ. 'ನನ್ನ ಗುರಿ' ಎಂದು ಪ್ರಬಂಧ ಬರೆಯಲು ಹೇಳಿದಾಗ 'ನನಗೆ ಇನ್ನೂ ಗೊತ್ತಿಲ್ಲ' ಎಂದು ಒಂದೇ ಸಾಲು ಬರೆದಿದ್ದೆ. ಸೊನ್ನೆ ಹಾಕಿದರು. ಉಳಿದ ಹುಡುಗರಿಗೆಲ್ಲ ಗುರಿ ಇತ್ತು, ಮಾಸ್ತರರೇ ಬರೆಸಿದ್ದು.

ಹಸಿವಾಗಿ ಪಕ್ಕದ ಉಡುಪಿ ಹೋಟೆಲಿಗೆ ಹೋದೆ. ಮಾಲಕ ಕೊರಗಪ್ಪ, ತುಳು ಕಡೆಯವರು. ಪದ್ಮರೇಖಾ ಎಲ್ಲಿರುತ್ತಾರೆ ಗೊತ್ತಾ ಎಂದು ಸುಮ್ಮನೆ ಕೇಳಿದೆ. "ನಮ್ಮ ಬಿಲ್ಡಿಂಗಿನಲ್ಲೇ ಅಲ್ವಾ ಮಾರಾಯ, ಎರಡನೇ ಮಾಳಿಗೆ. ಬೆಳಿಗ್ಗೆ ತಿಂಡಿ ಇಲ್ಲಿಂದಲೇ ಹೋಗುವುದು. ಕೊಂಡುಹೋಗುವವ ಓಡಿಹೋಗಿದ್ದಾನೆ" ಎಂದರು. ನಾನು ಕೊಂಡುಹೋಗುತ್ತೇನೆ ಎಂದೆ. ನಾಳೆಯಿಂದ ಕೆಲಸ.

ನಿಮ್ಮ ಮನೆಯವರಿಗೆ ಸುಣ್ಣ ಹೆಚ್ಚಾಗಿದೆಯೇನು?

ನಿಂಗಣ್ಣ

*

ಗುಳೇದಗುಡ್ಡ
೨ ಮೇ ೧೯೭೦

ತಮ್ಮಾ,

ಪಂದ್ಯಕ್ಕಾಗಿ ಕೆಲಸ ಹಿಡಿಯುವವನು ಭೂಮಿಯ ಮೇಲೆ ನೀನೊಬ್ಬನೇ. ನಿನ್ನ ಕಾಗದವನ್ನು ಮಗ್ಗದ ಮನೆಯಲ್ಲಿ ಓದಿದೆ, ಕೊಡೆಯ ಮಾತಿಗೆ ಎಲ್ಲರೂ ನಕ್ಕರು. ಕೊನೆಯ ಸಾಲು ಓದಲಿಲ್ಲ.

ನೀನು ಯಾಕೆ ಎಂದು ಕೇಳಿದ್ದೀ. ನನಗೆ ಅನಿಸುವುದು ಬರೆಯುತ್ತೇನೆ. ಕಟ್ಟುಕಥೆಯಲ್ಲಿ ಹೆಣ್ಣುಮಗಳು ಗೆದ್ದರೆ ಬರೆದವನು ಗೆಲ್ಲಿಸಿದ ಎನ್ನುತ್ತೇವೆ. ಇದು ಹಾಗಲ್ಲ. ಇವಳು ಗೋಕಾಕದ ಹತ್ತಿರ ಹುಟ್ಟಿದ್ದಾಳೆ, ಜೋಳದ ರೊಟ್ಟಿ ತಿಂದಿದ್ದಾಳೆ, ನಮ್ಮ ಹಾಗೆ ಮಾತಾಡಿದ್ದಾಳೆ. ಅವಳಿಗೆ ಆಗಿದ್ದರೆ ಆಗಲು ಸಾಧ್ಯ ಎಂದಾಯಿತು. ಅದಕ್ಕೇ ಆ ಒಂದು ಮಾತು ನಿಜವಿರಬೇಕು. ಉಳಿದದ್ದು ಎಷ್ಟು ಸುಳ್ಳಿದ್ದರೂ ನನಗೆ ಅಡ್ಡಿಯಿಲ್ಲ. ಬೇರೇನೂ ಕೇಳಬೇಡ, ಬಾಗಿಲು ತೆರೆದವರು ಯಾರು, ಅದೊಂದನ್ನೇ ಕೇಳು.

ಗೌರವ್ವನ ಮಗಳು ಚಂದ್ರಮ್ಮ ನಮ್ಮ ಮನೆಗೇ ಬಂದು ಇದ್ದಾಳೆ. ಹದಿನೇಳು ವರ್ಷ. ಅವಳಿಗೆ ಅಡಿಗೆಮನೆ ತೋರಿಸಿಕೊಡು ಎಂದು ಅತ್ತೆ ಹೇಳಿದ್ದಾರೆ, ತೋರಿಸುತ್ತಿದ್ದೇನೆ. ಒಳಕೋಣೆ ಖಾಲಿ ಬೇಕಂತೆ, ನನ್ನ ಟ್ರಂಕನ್ನು ಅಟ್ಟಕ್ಕೆ ಏರಿಸಿದ್ದಾರೆ.

ಅವ್ವನಿಗೆ ಏನಾದರೂ ಬರೆದಿದ್ದೆಯಾ? ತವರಿನಿಂದ, ಕೆರೂರಿನಿಂದ ನನಗೆ ಅವ್ವನ ಸುದ್ದಿಯಿಲ್ಲ.

ಕಸ್ತೂರಿಬಾಯಿ

*

ಗ್ರಾಂಟ್ ರೋಡ್
೧೭ ಮೇ ೧೯೭೦

ಅಕ್ಕಾ,

ಚಂದ್ರಮ್ಮ ಬಂದದ್ದು ಒಳ್ಳೆಯದಾಯಿತು. ಆರು ವರ್ಷದಿಂದ ಆ ಮನೆಯ ಒಲೆ ನೀನೊಬ್ಬಳೇ ಊದಿದ್ದೀ. ಅವ್ವನಿಗೆ ಬರೆದಿಲ್ಲ. ಬರೆದರೆ ಓದಿ ಹೇಳುವವನು ದೊಡ್ಡಣ್ಣ. ಗುರಲಿಂಗಣ್ಣ ನನ್ನ ಕಾಗದವನ್ನು ಹೇಗೆ ಓದುತ್ತಾನೆ ಎಂಬುದು ನಿನಗೆ ಗೊತ್ತಿದೆ, ಬೇಡವಾದ ಸಾಲು ನುಂಗಿಬಿಡುತ್ತಾನೆ.

ಈಗ ಸುದ್ದಿ. ದಿನಾ ಬೆಳಿಗ್ಗೆ ಉಪ್ಪಿಟ್ಟು, ಚಹಾ ಹಿಡಿದು ಮೇಲೆ ಹೋಗುತ್ತೇನೆ. ನನ್ನ ಹೆಸರು ಕೇಳಿದರು, ಮರೆತರು, ಈಗ 'ಏ ಉಪ್ಪಿಟ್ಟು' ಎನ್ನುತ್ತಾರೆ. ಕಣ್ಣಿಗೆ ಪೊರೆ ಬಂದಿದೆ. ಪತ್ರಿಕೆಯಿಂದ ಓದುಗರ ಕಾಗದಗಳು ಕಟ್ಟುಕಟ್ಟಾಗಿ ಬರುತ್ತವೆ, ನನ್ನಿಂದ ಓದಿಸುತ್ತಾರೆ. ಹೊಗಳಿದ್ದನ್ನು ಎರಡು ಸಲ.

'ಒರೆಸಿದ ಬಣ್ಣ'ದಲ್ಲಿ ಬರೆದದ್ದನ್ನು ಕಣ್ಣಾರೆ ಕಂಡದ್ದರ ಜೊತೆ ಹೋಲಿಸುತ್ತಿದ್ದೇನೆ. 'ನನ್ನ ಮನೆಯಲ್ಲಿ ಪಂಚವರ್ಣದ ಗಿಳಿ ಇದೆ, ಅದೇ ನನ್ನ ಸಂಗಾತಿ.' ಗಿಳಿ ಇಲ್ಲ. ಪಂಜರ ಇದೆ, ಒಳಗೆ ಉಳ್ಳಾಗಡ್ಡಿ ಇಟ್ಟಿದ್ದಾರೆ. 'ಚಹಾ ನಾನು ಮುಟ್ಟುವುದಿಲ್ಲ.' ನನ್ನ ಕೈಯಿಂದಲೇ ದಿನಾ ಕುಡಿಯುತ್ತಾರೆ. ಗಿಳಿಯ ಬಗ್ಗೆ ಕೇಳಿಯೇಬಿಟ್ಟೆ.

"ಇತ್ತಲೇ. ಸತ್ತತು."

"ಯಾವಾಗ್ರಿ?"

"ನೀ ಹುಟ್ಟೂಕಿಂತ ಮದ್ಲ."

"ಮತ್ತ ಇದೆ ಅಂತ ಬರದೀರಲ್ರಿ?"

"ಗಿಳಿ ಸತ್ತತು ಅಂತ ಬರದರ ಓದೂ ಮಂದಿಗೆ ಬ್ಯಾಸರ ಆಗೂದಿಲ್ಲೇನೋ ಪಾಗಲ್?" ಎಂದು ನಕ್ಕರು. ಅಕ್ಕಾ, ಆ ನಗು ನೋಡಬೇಕು. ಹಲ್ಲಿಲ್ಲ, ಆದರೂ ಕೋಣೆಯೆಲ್ಲ ಬೆಳಕಾದಂತೆ ಆಗುತ್ತದೆ. ಮಂದಿ ಯಾಕೆ ದುಡ್ಡು ಕೊಟ್ಟು ನೋಡುತ್ತಿದ್ದರು ಎಂದು ತಿಳಿಯಿತು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಆಮೇಲೆ ನಿನ್ನ ಪ್ರಶ್ನೆ ಕೇಳಿದೆ. ಕಣ್ಣು ಮುಚ್ಚಿ ಹೇಳಿದರು: "ನಾನು ಬಾಗಿಲು ಬಡಿಯುವ ಮೊದಲೇ ಅವ್ವ ಬಾಗಿಲು ತೆರೆದಳು. ಒಂದು ಮಾತೂ ಕೇಳಲಿಲ್ಲ." ಪತ್ರಿಕೆಯಲ್ಲಿ ಇದ್ದ ಹಾಗೇ, ಪುಸ್ತಕದ ಭಾಷೆಯಲ್ಲಿ. ಮೂರು ದಿನ ಬಿಟ್ಟು ಮತ್ತೆ ಕೇಳಿದೆ. ಮತ್ತೆ ಅದೇ ಶಬ್ದ, ಅದೇ ಉಸಿರು. ಇದೇ ನನಗೆ ಸರಿಬರಲಿಲ್ಲ. ನೆನಪಿದ್ದವರು ಒಂದೊಂದು ಸಲ ಒಂದೊಂದು ರೀತಿ ಹೇಳುತ್ತಾರೆ. ಖಂಡಪ್ಪ ಮುಂಬಯಿಗೆ ಬಂದ ಮೊದಲ ದಿನ ಲೋಕಲಿನಿಂದ ಬಿದ್ದ ಕಥೆಯನ್ನು ಎಷ್ಟು ಸಲ ಹೇಳಿದರೂ ಬೇರೆ ಬೇರೆ ಸ್ಟೇಷನ್ನಿನಲ್ಲಿ ಬೀಳುತ್ತಾನೆ, ಆದರೆ ಬಿದ್ದದ್ದು ನಿಜ, ಗಾಯ ಇದೆ. ಒಂದಕ್ಷರ ತಪ್ಪದೆ ಹೇಳುವುದು ಬಾಯಿಪಾಠ ಮಾಡಿದವರು.

ಅನುಮಾನ ಅಷ್ಟೇ. ಪಂದ್ಯ ಇನ್ನೂ ಸೋತಿಲ್ಲ.

ನಿಂಗಣ್ಣ

*

ಗುಳೇದಗುಡ್ಡ
೩೦ ಮೇ ೧೯೭೦

ತಮ್ಮಾ,

ಅನುಮಾನ ಸಾಲದು, ಖಚಿತ ಬೇಕು. ಶ್ರಾವಣ ಹುಟ್ಟುವ ಮೊದಲು ಬೇಕು.

ನನ್ನ ಕಣ್ಣಿಗೂ ಒಂದು ಮುಳ್ಳು ಚುಚ್ಚಿದೆ. ನಿನಗೆ ಹೇಳಬಾರದು ಎಂದುಕೊಂಡಿದ್ದೆ. ಈ ವಾರದ ಅಧ್ಯಾಯದಲ್ಲಿ ಅವಳು 'ನಾನು ಪಂಚಮಿ ಹಬ್ಬ ಮಾಡುವುದಿಲ್ಲ, ಏಕೆಂದರೆ ಆ ವರ್ಷ ಗಂಡನ ಮನೆ ಬಿಟ್ಟು ಅವ್ವನ ಬಾಗಿಲಿಗೆ ಬಂದದ್ದು ಪಂಚಮಿಯ ದಿನ ಬೆಳಿಗ್ಗೆ' ಎಂದು ಬರೆದಿದ್ದಾಳೆ. ಹಳೆಯ ಸಂಚಿಕೆ ತೆಗೆದು ಮತ್ತೆ ನೋಡಿದೆ. ಅಲ್ಲಿ ಹಂಚಿನ ಮೇಲಿನ ಬಿಸಿ ರೊಟ್ಟಿ ಇದೆ.

ನಾಗಪ್ಪನ ಹಬ್ಬದ ದಿನ ನಮ್ಮ ಕಡೆ ಯಾವ ಮನೆಯಲ್ಲಿ ಒಲೆಯ ಮೇಲೆ ಹಂಚು ಇಡುತ್ತಾರೆ, ನಿಂಗಣ್ಣಾ? ಅದಕ್ಕೇ ಅಲ್ಲವೇ ಹಿಂದಿನ ದಿನ ರೊಟ್ಟಿ ಪಂಚಮಿ ಮಾಡಿ, ಬಡಿದ ರೊಟ್ಟಿ ಬುಟ್ಟಿಯಲ್ಲಿ ಇಡುವುದು? ಮಗ್ಗದ ಮನೆಯಲ್ಲಿ ಯಾರಿಗೂ ಇದು ಹೊಳೆದಿಲ್ಲ. ಎರಡು ಅಧ್ಯಾಯಕ್ಕೂ ನಡುವೆ ಬಹಳ ವಾರ ಕಳೆದಿವೆ. ನಾನೂ ಹೇಳಿಲ್ಲ.

ಮರೆತಿರಬಹುದು. ಸಿನೆಮಾದವರಿಗೆ ಹಂಚು ಎಲ್ಲಿ ನೆನಪಿರುತ್ತದೆ? ಕೇಳಿ ನೋಡು. ಮರೆತೆ ಎಂದರೆ ಬಾಗಿಲು ನಿಜ.

ಕಸ್ತೂರಿಬಾಯಿ

*

ಕುರ್ಲಾ
೨೧ ಜೂನ್ ೧೯೭೦

ಅಕ್ಕಾ,

ನೀನು ಪಂದ್ಯ ಸೋತೆ. ಗೌರವ್ವನ ಕಂಡಿಕೆ ಸುತ್ತು.

ಮಳೆಗೆ ಹಳಿ ಮುಳುಗಿ ಲೋಕಲ್ ನಿಂತಿದ್ದವು. ಹೋಟೆಲಿನಲ್ಲಿ ಗಿರಾಕಿ ಇರಲಿಲ್ಲ, ಮೇಲೆ ಹೋಗಿ ಆರಾಮಾಗಿ ಕೂತೆ. ಚಹಾದ ಗ್ಲಾಸು ಅವರ ಬಾಯಿಯ ಹತ್ತಿರ ಇತ್ತು. "ಪಂಚಮಿ ದಿನ ನಿಮ್ಮ ಮನ್ಯಾಗ ಹಂಚ ಇಡ್ತಿದ್ರೇನ್ರಿ?" ಎಂದೆ.

ಗ್ಲಾಸು ಕೆಳಗಿಟ್ಟರು. "ಇದನ್ನ ಯಾರ ಕೇಳ್ಯಾರ?"

"ನಮ್ಮಕ್ಕ. ಗುಳೇದಗುಡ್ಡದಾಕಿ."

"ಸಂಪಾದಕ ಓದಿದ. ಊರಾನ ಮಂದೆಲ್ಲಾ ಓದಿದರು. ಯಾವನೂ ಕೇಳಲಿಲ್ಲ." ನಂತರ, "ಗೊತ್ತಿದ್ದಾಕಿಗೆ ಗೊತ್ತಾಗಲಿ ಅಂತನ ಬಿಟ್ಟಿದ್ದೆ" ಎಂದರು. ಇದನ್ನು ನಾನು ನಂಬುವುದಿಲ್ಲ. ಸಿಕ್ಕಿಬಿದ್ದ ಮೇಲೆ ಹೊಳೆದ ಮಾತು. ಆದರೆ ಇದಾದ ಮೇಲೆ ಹೇಳಿದ್ದನ್ನು ನಂಬುತ್ತೇನೆ. ಈ ಸಲ ಪುಸ್ತಕದ ಭಾಷೆ ಇರಲಿಲ್ಲ, ತಡವರಿಸುತ್ತಿದ್ದರು.

ಆ ವರ್ಷ ಪಂಚಮಿಗೆ ಅಣ್ಣ ಕರೆಯಲು ಬರುತ್ತಾನೆಂದು ಕಾದರಂತೆ. ಬರಲಿಲ್ಲ. ಹಬ್ಬದ ದಿನ ಮೊದಲ ಕೋಳಿ ಕೂಗಿದಾಗ ತಾವೇ ಹೊರಟರು. ತವರಿನ ಬಾಗಿಲು ಹಾಕಿತ್ತು. ಬಡಿದರು. ಒಳಗಿನಿಂದ ಅಣ್ಣ, "ಕರೀಲಾರದ ಯಾಕ ಬಂದಿ? ಗಂಡನ ಕೂಡ ಬಾ, ಹೋಗು" ಎಂದ.

"ಅವ್ವನ ಕೈಬಳಿ ಸಪ್ಪಳ ಕೇಳಿಸ್ತು ನೋಡ. ಅಡಗಿಮನಿಯಿಂದ ಪಡಸಾಲಿಗೆ ಬಂತು. ಬಾಗಲಾ ಮಟಾ ಬಂತು. ಚಿಲಕದ ಮ್ಯಾಲೆ ಕೈ ಇಟ್ಟಿರಬೇಕು, ಚಿಲಕ ಒಮ್ಮೆ ಕಿರ್ ಅಂತು. ಅಲ್ಲೇ ನಿಂತತು. ಎಷ್ಟೊತ್ತಾದರೂ ಅಲ್ಲೇ ನಿಂತತು."

ಬಿಸಿಲು ಏರಿದ ಮೇಲೆ ಪಕ್ಕದ ಮನೆಯ ಮುದುಕಿಯೊಬ್ಬಳು ಹಿತ್ತಲ ಕಡೆ ಕರೆದು ಹಿಂದಿನ ದಿನದ ರೊಟ್ಟಿ ಕೊಟ್ಟಳಂತೆ. ಅದನ್ನು ತಿಂದು ನಾಟಕ ಕಂಪನಿಯ ದಾರಿ ಹಿಡಿದರು. ಆ ಮುದುಕಿಯ ಹೆಸರೇನು ಎಂದೆ. "ಮರತೀನಿ" ಎಂದರು. ಅಕ್ಕಾ, ಗಿಳಿಗೆ ಬಾರದ ಸಿಟ್ಟು ನನಗೆ ಇದಕ್ಕೆ ಬಂತು. ರೊಟ್ಟಿ ಕೊಟ್ಟವಳ ಹೆಸರು ಮರೆತು, ಕೊಡದವಳ ಕೈಯಲ್ಲಿ ರೊಟ್ಟಿ ಇಟ್ಟು ಬರೆದಿದ್ದೀರಲ್ಲ ಎಂದೇಬಿಟ್ಟೆ.

"ಏ ಉಪ್ಪಿಟ್ಟು, ಅದನ್ನ ಓದೂ ಮಗಳಿಗಂತ ಬರದಿಲ್ಲ. ಕೇಳೂ ಅವ್ವಗಂತ ಬರದೀನಿ. ಇನ್ನೊಬ್ಬಾಕಿ ಕೈಬಳಿ ಚಿಲಕದ ಮಟಾ ಬಂದ ನಿಂದರಬಾರದು."

"ಹಂಗಾರ ಕತಿ ಅಂತ ಬರೀಬೇಕಿತ್ತ್ರಿ."

"ಕತಿ ಅಂದರ ಯಾವ ಅವ್ವ ನಂಬತಾಳೋ?"

ಪಾತ್ರೆ ಎತ್ತಿಕೊಂಡು ಕೆಳಗೆ ಬಂದೆ. ಆದರೆ ಸುಳ್ಳು ಸುಳ್ಳೇ. ನೀನು ಖಚಿತ ಬೇಕು ಎಂದಿದ್ದೆ, ಇಗೋ ಖಚಿತ: ಬಾಗಿಲು ತೆರೆಯಲಿಲ್ಲ.

ನಿಂಗಣ್ಣ

*

ಗ್ರಾಂಟ್ ರೋಡ್
೮ ಜುಲೈ ೧೯೭೦

ಅಕ್ಕಾ,

ಕಾರ್ಡಿನಲ್ಲಿ ಬರೆಯುತ್ತಿದ್ದೇನೆ, ಬೇಗ ಮುಟ್ಟಲಿ ಎಂದು. ಒಂದು ವಾರದ ಕಂಡಿಕೆಗೆ ಇಷ್ಟು ಸಿಟ್ಟೇ? ಕಾಗದ ಬರೆ.

ನಿಂಗಣ್ಣ

*

ಕುರ್ಲಾ
೧೯ ಜುಲೈ ೧೯೭೦

ಅಕ್ಕಾ,

ಕಾರ್ಡಿಗೂ ಉತ್ತರವಿಲ್ಲ. ಇವತ್ತು ರಜೆ. ಸುಂದ್ರವ್ವ ಅಕ್ಕಿ ಆರಿಸುತ್ತಿದ್ದಳು. ನಮ್ಮಕ್ಕ ಪಂದ್ಯ ಸೋತು ಮುನಿಸಿಕೊಂಡಿದ್ದಾಳೆ ಎಂದು ನಗುತ್ತ ಹೇಳಿದೆ. ಏನು ಪಂದ್ಯ ಎಂದಳು. ನಿನ್ನ ಕಾಗದಗಳನ್ನೆಲ್ಲ ಮೊದಲಿನಿಂದ ಓದಿ ಹೇಳಿದೆ.

ಸುಣ್ಣದ ಸಾಲಿಗೆ ಅವಳ ಕೈ ನಿಂತಿತು. "ಯುಗಾದಿ ಆದಮ್ಯಾಗ ಯಾರ ಸುಣ್ಣಾ ಹಚ್ಚತಾರೋ? ಲಗ್ನ ಇದ್ದವರು." ಚಂದ್ರಮ್ಮನ ಸಾಲಿಗೆ, "ಗಂಡನ ಸೋದರಮಾವನ ಮಗಳು. ಅಡಗಿಮನಿ ತೋರಿಸು ಅಂದಾರ." ಟ್ರಂಕಿನ ಸಾಲಿಗೆ ಮೊರ ಪಕ್ಕಕ್ಕೆ ಸರಿಸಿಬಿಟ್ಟಳು. "ಆರು ವರ್ಷ ಆದರೂ ಮಕ್ಕಳಾಗಿಲ್ಲಲ್ಲ ನಿಮ್ಮಕ್ಕಗ? ಲೇ ನಿಂಗ್ಯಾ, ಅಕಿ ಮ್ಯಾಗ ಇನ್ನೊಬ್ಬಾಕಿನ್ನ ತರಾಕ ಹತ್ಯಾರ. ನಿಮ್ಮಕ್ಕ ಪಂದ್ಯಾ ಕೇಳಿಲ್ಲೋ. ತಾ ಹೋದರ ಬಾಗಲಾ ತಗೀತಾರೇನು ಅಂತ ಕೇಳ್ಯಾಳ. ನೀ ಏನಂತ ಬರದಿ?"

ನಾನು ಏನು ಬರೆದೆ ಎಂದು ಅವಳಿಗೆ ಓದಿ ಹೇಳಲಿಲ್ಲ.

ನಾನು ನಿಜವನ್ನೇ ಬರೆದೆ, ಅಕ್ಕಾ. ಅದು ಯಾವ ಪ್ರಶ್ನೆಗೆ ಉತ್ತರವಾಗಿ ಹೋಗುತ್ತಿದೆ ಎಂದು ಮಾತ್ರ ನೋಡಲಿಲ್ಲ. ಎಲ್ಲರನ್ನೂ ಅಷ್ಟೊಂದು ಕೇಳುವವನು ನಿನ್ನನ್ನು ಒಂದು ಮಾತು ಕೇಳಲಿಲ್ಲ. ಈಗ ಕೇಳುತ್ತೇನೆ. ಸುಂದ್ರವ್ವ ಹೇಳಿದ್ದು ಹೌದೋ, ಅಲ್ಲವೋ?

ನಿಂಗಣ್ಣ

*

ಗುಳೇದಗುಡ್ಡ
೨೪ ಜುಲೈ ೧೯೭೦

ನಿಂಗಣ್ಣಾ,

ಹೌದು.

ಶ್ರಾವಣದಲ್ಲಿ ಪಂಚಮಿ ಮುಗಿದ ಮೇಲೆ ಅಕ್ಕಿಕಾಳು ಹಾಕಿ ಲಗ್ನ ಮುಗಿಸುವುದು ಎಂದು ಮಾತಾಗಿತ್ತು. ನನ್ನನ್ನು ಯಾರೂ ಹೊರಗೆ ಹಾಕುತ್ತಿರಲಿಲ್ಲ. ಇಬ್ಬರೂ ಇರಿ, ಅಕ್ಕತಂಗಿಯರ ಹಾಗೆ ಎನ್ನುತ್ತಿದ್ದರು. ನಿನಗೆ ಯಾಕೆ ಬರೆಯಲಿಲ್ಲ ಎಂದರೆ, ನೀನು ಬಂದು ಜಗಲಿಯ ಮೇಲೆ ನಿಂತು ಇದ್ದದ್ದು ಇದ್ದ ಹಾಗೆ ಊರಿಗೆ ಕೇಳುವಂತೆ ಹೇಳಿಬಿಡುತ್ತಿದ್ದೆ. ಗುರಲಿಂಗಣ್ಣನಿಗೆ ಬರೆದಿದ್ದೆ. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು, ಹೊಂದಿಕೊಂಡು ಹೋಗು' ಎಂದು ಉತ್ತರ ಬಂತು. ಕೆಳಗೆ ಅವ್ವನ ಆಶೀರ್ವಾದ ಎಂದು ಅವನೇ ಬರೆದಿದ್ದ. ಆಮೇಲೇ ಆ ಅಧ್ಯಾಯ ಬಂದದ್ದು.

ನಿನ್ನ ಜೂನಿನ ಕಾಗದ ಓದಿ ಮೂರು ವಾರ ನಿನ್ನ ಮೇಲೆ ಸಿಟ್ಟಿತ್ತು. ಬರೆದವಳ ಮೇಲೆ ಇರಲಿಲ್ಲ, ನಿನ್ನ ಮೇಲೆ. ಹೋದ ಗುರುವಾರ ಪತ್ರಿಕೆ ಮಳೆಯಿಂದ ತಡವಾಯಿತು. ಹಳೆಯದನ್ನೇ ಓದು ಎಂದರು. ಆ ಬಾಗಿಲಿನ ಅಧ್ಯಾಯವನ್ನೇ ಓದಿದೆ. ಸುಳ್ಳೆಂದು ಗೊತ್ತಿದ್ದ ಬಾಯಿಯಿಂದ ಓದಿದರೆ ದನಿ ಬದಲಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಗೌರವ್ವ ಕಂಡಿಕೆ ಕೆಳಗಿಟ್ಟು, "ನಿನ್ನ ತಮ್ಮನ ಕಾಗದ ಬಂದಿತ್ತಲ್ಲ, ಏನಂದ?" ಎಂದು ಕೇಳಿದರು. ಚಂದ್ರಮ್ಮ ಒಳಗೆ ಹಿಟ್ಟು ನಾದುತ್ತಿದ್ದಳು. ಅವಳು ಹಿಂದಿನ ದಿನವೇ ನನ್ನ ಮುಂದೆ ಅತ್ತಿದ್ದಳು. "ಅಕ್ಕಾ, ನಾ ಒಲ್ಲೆ. ಅವ್ವಗ ಹೇಳಾಕ ಅಂಜಿಕಿ. ಹೇಳಿದರ ಹೊರಗ ಹಾಕ್ತಾಳ" ಎಂದಿದ್ದಳು.

ನಾನು ಹೇಳಿದೆ: "ನಿಜ ಅಂತ. ಅವ್ವನೇ ಬಾಗಲಾ ತಗದಳಂತ. ನೀವು ಸೋತ್ರಿ."

"ನಿಂಗಣ್ಣ ಅಂದನ?"

"ನಿಂಗಣ್ಣ ಅಂದ."

ಗೌರವ್ವ ಮೂಗುತಿ ತಿರುಗಿಸುತ್ತ ಕೂತರು. ಕಡೆಗೆ, "ಆ ನಾಟಕದಾಕಿ ಅವ್ವ ಕರೀಲಾರದ ಬಂದಾಕಿಗೆ ಬಾಗಲಾ ತಗದಳು. ನಾ ನನ್ನ ಕೂಸಿನ್ನ ಕೇಳಲಾರದ ಇನ್ನೊಬ್ಬರ ಮನ್ಯಾಗ ನೂಕಿ ಬಾಗಲಾ ಹಾಕೊಂಡ ಕುಂತೀನಲ್ಲವಾ" ಎಂದರು. ಯಾರಿಗೆ ಹೇಳಿದರೋ ತಿಳಿಯಲಿಲ್ಲ. ನಿನ್ನೆ ಬಂದು ಪಂಚಮಿಗೆಂದು ಚಂದ್ರಮ್ಮನನ್ನು ಕರೆದುಕೊಂಡು ಹೋದರು. ಹಬ್ಬದ ನೆವ. ಆದರೆ ಹುಡುಗಿಯ ಬಟ್ಟೆಯೆಲ್ಲ ಗಂಟು ಕಟ್ಟಿಕೊಂಡೇ ಹೋದರು. ಅತ್ತೆ ಅದನ್ನು ನೋಡಿದರು, ನಾನೂ ನೋಡಿದೆ.

ಅತ್ತೆ ನನ್ನ ಕೂಡ ಮಾತು ಬಿಟ್ಟಿದ್ದಾರೆ, ಪತ್ರಿಕೆ ನಿಲ್ಲಿಸಿದ್ದಾರೆ. ಚಂದ್ರಮ್ಮ ಇಲ್ಲದಿದ್ದರೆ ಇನ್ನೊಬ್ಬಳು ಸಿಗುತ್ತಾಳೆ. ಒಳಕೋಣೆಯ ಸುಣ್ಣ ಹಾಗೇ ಬೆಳ್ಳಗಿದೆ. ನನ್ನ ಟ್ರಂಕು ಅಟ್ಟದ ಮೇಲೇ ಇದೆ.

ಆ ಅಧ್ಯಾಯವನ್ನು ನಮ್ಮ ಅವ್ವನ ಮುಂದೆ ಓದುವವರು ಯಾರೂ ಇರಲಿಲ್ಲ, ನೋಡು.

ನಿನ್ನ ಹೆಸರು ಕೆಡಿಸಿದ್ದೇನೆ. ಬೈದು ಬರೆ.

ಕಸ್ತೂರಿಬಾಯಿ

*

ಕುರ್ಲಾ
೩೧ ಜುಲೈ ೧೯೭೦

ಅಕ್ಕಾ,

ಬೈಯುತ್ತೇನೆ. ನಾನು ಇಷ್ಟು ವರ್ಷ ಶಾಲೆ ಬಿಟ್ಟು, ಕೆಲಸ ಬಿಟ್ಟು ಕಾಯ್ದುಕೊಂಡದ್ದು ಅದೊಂದನ್ನೇ. ಅದನ್ನು ನೀನು ಒಂದು ಗುರುವಾರ ಮಧ್ಯಾಹ್ನ ಖರ್ಚು ಮಾಡಿಬಿಟ್ಟೆ. ಮತ್ತೆ ಯೋಚಿಸಿದೆ. ನಾನು ಯಾವತ್ತೂ ಸುಳ್ಳು ಹೇಳದೆ ಇದ್ದದ್ದರಿಂದಲೇ ಗೌರವ್ವ ನಂಬಿದರು, ಅಲ್ಲವೇ? ಇದು ನನಗೆ ಸಮಾಧಾನವೋ ಅವಮಾನವೋ ಇನ್ನೂ ತಿಳಿದಿಲ್ಲ.

ಪದ್ಮರೇಖಾ ಅವರಿಗೆ ನಿನ್ನ ಕಾಗದ ಓದಿ ಹೇಳಿದೆ, ನೀನು ಬೇಡ ಎಂದಿರಲಿಲ್ಲ. ಹೊಗಳಿಕೆಯ ಕಾಗದದಂತೆ ಎರಡನೇ ಸಲ ಓದಿಸಲಿಲ್ಲ. ಮುಖ ಕಿಟಕಿಯ ಕಡೆ ಮಾಡಿ, "ಗಂಟು ಕಟಗೊಂಡ ಹೋದಳಾ?" ಎಂದು ಒಂದೇ ಮಾತು ಕೇಳಿದರು. ಹೌದು ಎಂದೆ. ಚಹಾ ಆರಿಹೋಯಿತು, ಕುಡಿಯಲಿಲ್ಲ. ಇವತ್ತು ಬೆಳಿಗ್ಗೆ, ನಿಮ್ಮಕ್ಕನನ್ನು ನನ್ನ ಹತ್ತಿರ ಕಳಿಸು, ಓದಲು ಇಟ್ಟುಕೊಳ್ಳುತ್ತೇನೆ ಎಂದರು. ಅದನ್ನು ನೆಚ್ಚಬೇಡ. ಅವರು ಅದೇ ಬಾಯಿಂದ ಗಿಳಿಯೂ ಇದೆ ಎಂದವರು.

ನೆಚ್ಚಬಹುದಾದ್ದನ್ನು ಬರೆಯುತ್ತೇನೆ. ಪಂಚಮಿಗೆ ಅಕ್ಕನನ್ನು ಕರೆಯಲು ಹೋಗಬೇಕು ಎಂದು ರಜೆ ಕೇಳಿದೆ. "ಹೋಗಿ ಬಾ ಮಾರಾಯ, ಆದರೆ ನೀನು ಹಿಂದೆ ಬರುವವನಾ, ಓಡಿಹೋಗುವವನಾ?" ಎಂದು ಕೊರಗಪ್ಪನವರು ಕೇಳಿದರು. ಗೊತ್ತಿಲ್ಲ, ಬರುವ ಮನಸ್ಸಿದೆ ಎಂದೆ. ಬುಧವಾರ ಸಂಜೆ ನಿಮ್ಮ ಜಗಲಿಯ ಮೇಲೆ ಇರುತ್ತೇನೆ. ಹಬ್ಬಕ್ಕೆ ಕರೆಯಲು ಬಂದ ತಮ್ಮನಿಗೆ ಇಲ್ಲ ಎನ್ನುವ ಅತ್ತೆ ಗುಳೇದಗುಡ್ಡದಲ್ಲಿ ಇನ್ನೂ ಹುಟ್ಟಿಲ್ಲ. ಎಲ್ಲಿಗೆ ಎಂದು ಕೇಳಿದರೆ ಮುಂಬಯಿಗೆ ಎನ್ನುತ್ತೇನೆ. ಯಾವಾಗ ಕಳಿಸುತ್ತೀ ಎಂದರೆ, ಅವಳನ್ನೇ ಕೇಳಿ ಎನ್ನುತ್ತೇನೆ. ಊರಿಗೆ ಕೇಳುವಂತೆ ಹೇಳುವುದಿಲ್ಲ. ಅವರು ಕೇಳಿದಷ್ಟಕ್ಕೆ ಉತ್ತರ. ಟ್ರಂಕನ್ನು ಅಟ್ಟದಿಂದ ನಾನು ಇಳಿಸುತ್ತೇನೆ. ಬರುವುದಿಲ್ಲ ಎನ್ನುವುದಾದರೆ ಅದನ್ನು ಅಲ್ಲೇ ನನ್ನ ಮುಖಕ್ಕೆ ಹೇಳು, ಒಬ್ಬನೇ ವಾಪಸು ಬರುತ್ತೇನೆ, ಸಿಟ್ಟು ಮಾಡುವುದಿಲ್ಲ. ಸ್ವಲ್ಪ ಮಾಡುತ್ತೇನೆ.

ಇಲ್ಲಿ ಹೇಗಿದೆ ಎಂಬುದನ್ನೂ ತಿಳಿದುಕೊಂಡು ಬಾ. ಚಾಳಿನ ಒಂದು ಕೋಣೆ, ನಡುವೆ ಸೀರೆಯ ಪರದೆ. ನಲ್ಲಿಯ ಮುಂದೆ ದಿನಾ ಜಗಳ. ರೈಲು ಹೋದರೆ ಪಾತ್ರೆಗಳೆಲ್ಲ ಮಾತಾಡುತ್ತವೆ. ಸೂರು ಸೋರುತ್ತದೆ, ಖಂಡಪ್ಪ ಗೊರಕೆ ಹೊಡೆಯುತ್ತಾನೆ. ನೀನು ಬರುವುದಾದರೆ ತಾನು ಹೊರಗೆ ವರಾಂಡದಲ್ಲಿ ಮಲಗುತ್ತೇನೆ ಎಂದಿದ್ದಾನೆ, ಎಷ್ಟು ದಿನ ಎಂದು ಹೇಳಿಲ್ಲ. ಬಾಗಿಲು ಯಾರು ತೆರೆಯುತ್ತಾರೆ ಎಂದು ನೀನು ಕೇಳುವ ಹಾಗೇ ಇಲ್ಲ. ಮಳೆಗೆ ಹಲಗೆ ಉಬ್ಬಿಕೊಂಡಿದೆ, ದೀಪಾವಳಿಯ ತನಕ ಅದನ್ನು ಹಾಕಲು ಬರುವುದಿಲ್ಲ.

ಎಲ್ಲ ಸರಿಹೋದರೆ ಶುಕ್ರವಾರ ಬೆಳಿಗ್ಗೆ ಕುರ್ಲಾದಲ್ಲಿ ಇರುತ್ತೇವೆ. ಅಂದು ನಾಗರ ಪಂಚಮಿ. ಸುಂದ್ರವ್ವ ಹಂಚು ಇಡುವುದಿಲ್ಲ. ಗುರುವಾರವೇ ಬಡಿದು ಬುಟ್ಟಿಯಲ್ಲಿ ಮುಚ್ಚಿ ಇಡುತ್ತೇನೆ ಎಂದಿದ್ದಾಳೆ. ರೊಟ್ಟಿ ತಣ್ಣಗಿರುತ್ತದೆ.

ನಿನ್ನ ತಮ್ಮ,
ನಿಂಗಣ್ಣ